ಸೋರುವ ಜ್ವರ: ಬ್ಯಾಂಕಾಕಿನ ಮಕ್ಕಳ ಆಸ್ಪತ್ರೆಗೆ ನಮ್ಮ ವಾರ್ಡಿನ ಋಣ

ನಮ್ಮ ಮಕ್ಕಳ ವಿಭಾಗಕ್ಕೆ ಐವತ್ತು ತುಂಬಿದೆ, ಸಂಚಿಕೆಗೆ ವಿಭಾಗದ ಚರಿತ್ರೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಒಪ್ಪಿಕೊಂಡುಬಿಟ್ಟೆ. ಬರೆಯಲು ಕೂತರೆ ಕಣ್ಣ ಮುಂದೆ ಬಂದದ್ದು ಸಿಸ್ಟರ್ ಮೇಜಿನ ಹಿಂದಿನ ಗೋಡೆಗೆ ಅಂಟಿಸಿದ್ದ ಒಂದು ಜೆರಾಕ್ಸ್ ಹಾಳೆ. ಹಳದಿಗಟ್ಟಿದ್ದು, ಅಂಚು ಮುದುರಿದ್ದು, ಗೋಡೆಗೆ ಸುಣ್ಣ ಹೊಡೆಯುವಾಗಲೆಲ್ಲ ಕಿತ್ತು ಮತ್ತೆ ಅಂಟಿಸಿದ್ದು. ಡೆಂಗಿ ಬಂದ ಮಗುವಿಗೆ ಗಂಟೆಗೆ ಎಷ್ಟು ದ್ರವ ಏರಿಸಬೇಕು, ಯಾವಾಗ ಹೆಚ್ಚಿಸಬೇಕು, ಯಾವಾಗ ಇಳಿಸಬೇಕು ಎಂಬ ಲೆಕ್ಕ ಅದರಲ್ಲಿತ್ತು. ನಮ್ಮ ವಾರ್ಡಿನಲ್ಲಿ ಬದುಕಿ ಮನೆಗೆ ಹೋದ ಎಷ್ಟೋ ಮಕ್ಕಳು ಆ ಹಾಳೆಯ ಋಣದಲ್ಲಿದ್ದಾರೆ. ಅದು ಹುಟ್ಟಿದ್ದು ಬ್ಯಾಂಕಾಕಿನ ಒಂದು ಮಕ್ಕಳ ಆಸ್ಪತ್ರೆಯಲ್ಲಿ. ನಮ್ಮ ವಿಭಾಗದ ಚರಿತ್ರೆಯನ್ನು ಬೇರೆಯವರು ಬರೆಯುತ್ತಾರೆ. ನಾನು ಆ ಆಸ್ಪತ್ರೆಯದನ್ನು ಬರೆಯುತ್ತೇನೆ.

ಆಸ್ಪತ್ರೆ ಇರುವ ರಸ್ತೆಯ ಹೆಸರು ರಾಜವೀಥಿ. ಥಾಯ್ ಬಾಯಲ್ಲಿ ಅದರ ಉಚ್ಚಾರ ಬೇರೆಯಾದರೂ ಹೆಸರು ನಮ್ಮದೇ, ರಾಜಬೀದಿ. 1954ರ ಜೂನ್ 24ರಂದು ಅಲ್ಲಿ ಬರೀ 'ಮಕ್ಕಳ ಆಸ್ಪತ್ರೆ' ಎಂಬ ಹೆಸರಿನಿಂದ ಅದರ ಬಾಗಿಲು ತೆರೆಯಿತು. ಮುಂದೆ ತೊಂಬತ್ತರ ದಶಕದಲ್ಲಿ ರಾಣಿಯ ಹೆಸರು ಸೇರಿ 'ಕ್ವೀನ್ ಸಿರಿಕಿಟ್ ರಾಷ್ಟ್ರೀಯ ಮಕ್ಕಳ ಆರೋಗ್ಯ ಸಂಸ್ಥೆ' ಆಯಿತು. ಸಿರಿಕಿಟ್ ಎಂದರೆ ಪಾಳಿಯ ದಾರಿಯಲ್ಲಿ ಹೋದ ನಮ್ಮ ಶ್ರೀಕೀರ್ತಿಯೇ. ಊರಿನವರಿಗೆ ಮಾತ್ರ ಅದು ಇವತ್ತಿಗೂ ಮಕ್ಕಳ ಆಸ್ಪತ್ರೆ.

ಅದೇ 1954ರಲ್ಲಿ ಇನ್ನೆರಡು ಸಂಗತಿಗಳು ನಡೆದವು. ಫಿಲಿಪ್ಪೀನ್ಸಿನ ಮನಿಲಾದಲ್ಲಿ ಮಕ್ಕಳು ಜ್ವರ ಬಂದು, ಮೈಮೇಲೆ ಕೆಂಪು ಚುಕ್ಕೆ ಎದ್ದು, ಮೂಗು ವಸಡಿನಲ್ಲಿ ರಕ್ತ ಒಸರಿ, ಕೈಕಾಲು ತಣ್ಣಗಾಗಿ ಸಾಯುತ್ತಿದ್ದರು. ಅದಕ್ಕೆ ಫಿಲಿಪ್ಪೀನ್ ರಕ್ತಸ್ರಾವ ಜ್ವರ ಎಂದು ಹೆಸರಿಟ್ಟರು. ಕಾರಣ ಯಾರಿಗೂ ಹೊಳೆಯಲಿಲ್ಲ. ಬ್ಯಾಂಕಾಕಿನಲ್ಲೇ ಸಿರಿರಾಜ್ ಆಸ್ಪತ್ರೆಯ ಡಾ. ಸುಪಾ ನಾ ನಕೋರ್ನ್ ಮತ್ತು ಅಮೆರಿಕದಿಂದ ಬಂದಿದ್ದ ವರ್ಜೀನಿಯಾ ಮಿನ್ನಿಕ್ ಥಾಯ್ ಮಕ್ಕಳ ರಕ್ತಹೀನತೆ ಕುರಿತು ತಮ್ಮ ಅಧ್ಯಯನ ಪ್ರಕಟಿಸಿದರು. ಥಲಸ್ಸೀಮಿಯಾ ಮತ್ತು ಹೆಮೊಗ್ಲೋಬಿನ್ ಇ ಎಂಬ ರಕ್ತದೋಷಗಳು ಆ ನಾಡಿನಲ್ಲಿ ಎಷ್ಟು ಹರಡಿವೆ ಎಂಬುದು ಅಲ್ಲಿಂದ ತಿಳಿಯತೊಡಗಿತು. ಒಂದು ವೈರಸ್ಸಿನ ಸುದ್ದಿ, ಇನ್ನೊಂದು ರಕ್ತದ ಸುದ್ದಿ. ಈ ಎರಡೂ ಮುಂದೆ ಒಂದೇ ಹಾಸಿಗೆಯ ಮೇಲೆ ಸೇರುತ್ತವೆ. ಆ ಮಾತು ಮುಂದೆ ಬರುತ್ತದೆ.

1958ರ ಮಳೆಗಾಲದಲ್ಲಿ ಮನಿಲಾದ ರೋಗ ಬ್ಯಾಂಕಾಕಿಗೆ ಬಂತು. ಆಸ್ಪತ್ರೆ ಸೇರಿದ ಮಕ್ಕಳ ಸಂಖ್ಯೆ ಎರಡು ಸಾವಿರ ದಾಟಿತು. ನೂರಕ್ಕೆ ಹತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ನಾಲ್ಕು ವರ್ಷದ ಹಸುಗೂಸಿನಂಥ ಆಸ್ಪತ್ರೆ ಅದು. ಜನ ಆ ರೋಗಕ್ಕೆ 'ಖೈ ಲಿಯತ್ ಓಕ್' ಎಂದರು. ಖೈ ಎಂದರೆ ಜ್ವರ, ಲಿಯತ್ ಎಂದರೆ ರಕ್ತ, ಓಕ್ ಎಂದರೆ ಹೊರಬರುವುದು. ಕಂಡದ್ದನ್ನು ಕಂಡಂತೆ ಹೇಳುವ ಹೆಸರು. ಈ ಹೆಸರು ವೈದ್ಯರನ್ನೂ ಬಹಳ ದಿನ ದಾರಿ ತಪ್ಪಿಸಿತು ಎಂಬುದೇ ನನಗೆ ಈ ಆಸ್ಪತ್ರೆಯ ಚರಿತ್ರೆಯಲ್ಲಿ ಮುಖ್ಯವಾಗಿ ಕಾಣುವ ಸಂಗತಿ.

ವೈರಸ್ಸಿನ ಗುರುತು ಬೇಗ ಸಿಕ್ಕಿತು. 1956ರಲ್ಲಿ ಮನಿಲಾದ ಮಕ್ಕಳ ರಕ್ತದಿಂದ ವಿಲಿಯಂ ಹ್ಯಾಮನ್ ತಂಡ ಬೇರ್ಪಡಿಸಿದ್ದು ಡೆಂಗಿ ವೈರಸ್ಸನ್ನು. ಅಲ್ಲಿಯವರೆಗೆ ಗೊತ್ತಿದ್ದ ಎರಡು ಬಗೆಗಳ ಜೊತೆಗೆ ಮೂರನೆಯದು, ನಾಲ್ಕನೆಯದು ಸೇರಿದವು. ಬ್ಯಾಂಕಾಕಿನಲ್ಲೂ ಡೆಂಗಿ ಸಿಕ್ಕಿತು, ಚಿಕುನ್‌ಗುನ್ಯಾ ಕೂಡ ಸಿಕ್ಕಿತು. ಆದರೆ ಡೆಂಗಿ ಹಳೆಯ ಕಾಯಿಲೆ. ಮೈಕೈ ನೋವು, ಐದಾರು ದಿನ ಜ್ವರ, ಆಮೇಲೆ ವಾಸಿ ಎಂದೇ ಪುಸ್ತಕಗಳು ಹೇಳುತ್ತಿದ್ದವು. ಯಾರನ್ನೂ ಕೊಲ್ಲದ ಜ್ವರ ಇಲ್ಲಿ ಮಕ್ಕಳನ್ನು ಯಾಕೆ ಕೊಲ್ಲುತ್ತಿದೆ? ವೈರಸ್ಸಿನ ಹೆಸರು ತಿಳಿದ ಮಾತ್ರಕ್ಕೆ ಹಾಸಿಗೆಯ ಮೇಲಿನ ಮಗುವಿಗೆ ಏನು ಮಾಡಬೇಕೆಂಬುದು ತಿಳಿಯಲಿಲ್ಲ.

ಅರವತ್ತರ ದಶಕದ ಮೊದಲಿಗೆ ಇಬ್ಬರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಒಬ್ಬರು ಮಕ್ಕಳ ಆಸ್ಪತ್ರೆಯ ವೈದ್ಯೆ ಡಾ. ಸುಚಿತ್ರಾ ನಿಮ್ಮಾನ್ನಿತ್ಯ. ಹೆಸರು ಕೇಳಿದರೆ ನಮ್ಮ ಪಕ್ಕದ ಮನೆಯವರೇ ಅನಿಸುತ್ತದೆ. ಇನ್ನೊಬ್ಬರು ಆಗ್ನೇಯ ಏಷ್ಯಾ ಒಪ್ಪಂದ ಒಕ್ಕೂಟದ (ಸೀಟೋ) ವೈದ್ಯಕೀಯ ಸಂಶೋಧನಾ ಪ್ರಯೋಗಾಲಯಕ್ಕೆ ಅಮೆರಿಕದಿಂದ ಬಂದ ಸ್ಕಾಟ್ ಹಾಲ್‌ಸ್ಟೆಡ್. ಕಾಲರಾ ಹಾವಳಿಯಿಂದ ಹುಟ್ಟಿಕೊಂಡ ಆ ಪ್ರಯೋಗಾಲಯ, ಸೀಟೋ ಒಕ್ಕೂಟ ಮುಚ್ಚಿದ ಮೇಲೆ 1977ರಲ್ಲಿ ಆಫ್ರಿಮ್ಸ್ ಎಂದು ಹೆಸರು ಬದಲಿಸಿಕೊಂಡು ಇಂದಿಗೂ ನಡೆಯುತ್ತಿದೆ. ಹಾಸಿಗೆ ಆಸ್ಪತ್ರೆಯದು, ಪರೀಕ್ಷೆ ಪ್ರಯೋಗಾಲಯದ್ದು. ಈ ಹೊಂದಾಣಿಕೆ ದಶಕಗಳ ಕಾಲ ನಡೆಯಿತು. ಸಂಶೋಧನೆಯ ಚರಿತ್ರೆ ಬರೆಯುವವರು ಪ್ರಯೋಗಾಲಯದವರ ಹೆಸರನ್ನೇ ಹೆಚ್ಚು ಹೇಳುತ್ತಾರೆ. ನಾನು ವಾರ್ಡಿನವನು, ನನ್ನ ಪಕ್ಷಪಾತ ಹಾಸಿಗೆಯ ಕಡೆಗೇ.

1962ರಿಂದ 64ರವರೆಗೆ ಆಸ್ಪತ್ರೆ ಸೇರಿದ ಮಕ್ಕಳನ್ನು ಅವರು ಗಂಟೆಗಂಟೆಗೆ ನೋಡಿದರು, ಬರೆದಿಟ್ಟರು. ನಾಡಿ ಎಷ್ಟು, ರಕ್ತದೊತ್ತಡ ಎಷ್ಟು, ಯಕೃತ್ತು ಎಷ್ಟು ಬೆರಳು ಕೆಳಗಿಳಿದಿದೆ, ಎಷ್ಟನೆಯ ದಿನ ಜ್ವರ ಬಿಟ್ಟಿತು. ಹೀಗೆ ಬರೆದಿಟ್ಟ ಮೇಲೆ ಕಂಡದ್ದು ಎಲ್ಲರ ನಿರೀಕ್ಷೆಗೂ ವಿರುದ್ಧವಾಗಿತ್ತು. ಮಕ್ಕಳು ಸಾಯುತ್ತಿದ್ದದ್ದು ರಕ್ತ ಹೊರಗೆ ಹರಿದಲ್ಲ. ಹೆಚ್ಚಿನವರಲ್ಲಿ ಹೊರಗೆ ಕಾಣುತ್ತಿದ್ದದ್ದು ನಾಲ್ಕು ಚುಕ್ಕೆ, ಒಂದಿಷ್ಟು ಮೂಗಿನ ರಕ್ತ, ಅಷ್ಟೇ. ಅದರಿಂದ ಮಗು ಸಾಯುವುದಿಲ್ಲ. ಕೂದಲೆಳೆಯಂಥ ರಕ್ತನಾಳಗಳ ಗೋಡೆ ಸಡಿಲಾಗಿ ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಒಳಗೊಳಗೇ ಎದೆಗೂಡಿಗೆ, ಹೊಟ್ಟೆಗೆ ಸೋರುತ್ತಿತ್ತು. ಕಣಗಳು ನಾಳದೊಳಗೇ ಉಳಿಯುತ್ತಿದ್ದವು. 1966ರಲ್ಲಿ ಕೋಹೆನ್ ಮತ್ತು ಹಾಲ್‌ಸ್ಟೆಡ್ ಇದನ್ನು ಅಳತೆಗಳ ಸಮೇತ ತೋರಿಸಿದರು. ಅಂದರೆ ಅದು ರಕ್ತ ಹೊರಬರುವ ಜ್ವರವಲ್ಲ, ಸೋರುವ ಜ್ವರ.

ನಮ್ಮ ಮನೆಗಳಲ್ಲಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುತ್ತಾರೆ. ನೀರು ಇಳಿದು ಗಟ್ಟಿ ಮಾತ್ರ ಉಳಿಯುತ್ತದೆ. ಡೆಂಗಿ ಮಗುವಿನ ರಕ್ತನಾಳದಲ್ಲೂ ಹಾಗೇ ಆಗುತ್ತದೆ. ಮನೆಯಲ್ಲಿ ಗಟ್ಟಿ ಮೊಸರು ಬೇಕು. ಇಲ್ಲಿ ಗಟ್ಟಿಯಾದ ರಕ್ತವನ್ನು ಹೃದಯ ತಳ್ಳಲಾರದು. ಆ ಗಟ್ಟಿತನವನ್ನು ಅಳೆಯುವುದು ಬಲು ಸುಲಭ. ಬೆರಳ ತುದಿ ಚುಚ್ಚಿ, ಸಣ್ಣ ಗಾಜಿನ ಕೊಳವೆಗೆ ಎರಡು ಹನಿ ತುಂಬಿ, ಯಂತ್ರದಲ್ಲಿ ಐದು ನಿಮಿಷ ತಿರುಗಿಸಿದರೆ ಕಣಗಳು ತಳಕ್ಕೆ ಇಳಿಯುತ್ತವೆ. ಕೊಳವೆಯಲ್ಲಿ ನೂರಕ್ಕೆ ಎಷ್ಟು ಭಾಗ ಕೆಂಪು ಎಂದು ನೋಡಿದರೆ ಅದೇ ಹೆಮಟೋಕ್ರಿಟ್. ನಮ್ಮ ಲ್ಯಾಬಿನವರು ಪಿಸಿವಿ ಎನ್ನುತ್ತಾರೆ. ಮಗುವಿನ ಮಾಮೂಲಿ ಅಂಕಿಗಿಂತ ಐದನೇ ಒಂದು ಭಾಗ ಏರಿತೆಂದರೆ ಸೋರಿಕೆ ನಡೆದಿದೆ ಎಂದು ಲೆಕ್ಕ. ಮಾಮೂಲಿ 35 ಇದ್ದದ್ದು 42 ಆದರೆ ಸಾಕು. ದುಬಾರಿ ಯಂತ್ರ ಬೇಡ, ದೊಡ್ಡ ಲ್ಯಾಬು ಬೇಡ, ನಡುರಾತ್ರಿಯಲ್ಲೂ ಸಿಸ್ಟರ್ ಒಬ್ಬರೇ ಮಾಡಬಹುದು. ಈ ಪರೀಕ್ಷೆ ಮೊದಲೇ ಇತ್ತು. ಅದನ್ನು ನಾಲ್ಕು ಗಂಟೆಗೊಮ್ಮೆ, ಆರು ಗಂಟೆಗೊಮ್ಮೆ ಮಾಡಿ ಅದರಂತೆ ಡ್ರಿಪ್ಪಿನ ಹನಿ ಎಣಿಸುವ ಶಿಸ್ತನ್ನು ವಾರ್ಡಿಗೆ ತಂದದ್ದು ಬ್ಯಾಂಕಾಕ್.

ಇನ್ನೆರಡು ಸಂಗತಿಗಳನ್ನು ಅವರು ಕಂಡುಕೊಂಡರು. ಕೇಳಿದವರು ಮೊದಲಿಗೆ ನಂಬುವುದಿಲ್ಲ. ಮೊದಲನೆಯದು, ಅಪಾಯ ಬರುವುದು ಜ್ವರ ಏರಿದಾಗಲ್ಲ, ಇಳಿದಾಗ. ನಾಲ್ಕು ದಿನ ಕಾದ ಹೆಂಚಿನಂತಿದ್ದ ಮಗುವಿನ ಮೈ ಐದನೇ ಬೆಳಗ್ಗೆ ತಣ್ಣಗಾದಾಗ ತಾಯಿ ದೇವರಿಗೆ ಕೈಮುಗಿಯುತ್ತಾಳೆ. ಡಾಕ್ಟರು ಹತ್ತಿರ ಬಂದು ಕೂರಬೇಕಾದ ಹೊತ್ತು ಅದು. ಎರಡನೆಯದು, ಆಘಾತದ (ಅಂಗಗಳಿಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿಯ) ಅಂಚಿಗೆ ಬಂದ ಮಗು ಮಾತಾಡುತ್ತಲೇ ಇರುತ್ತದೆ. ರಕ್ತದೊತ್ತಡದ ಮೇಲಿನ ಅಂಕಿ ನೂರು ಇದ್ದೇ ಇರುತ್ತದೆ. ಕೆಳಗಿನದು ಮೇಲೇರಿ 80 ಆಗಿರುತ್ತದೆ. ಎರಡರ ನಡುವಿನ ಅಂತರ 20 ಅಥವಾ ಅದಕ್ಕೂ ಕಡಿಮೆಯಾಯಿತೆಂದರೆ ಮಗು ಆಗಲೇ ಆಘಾತದಲ್ಲಿದೆ. ಮೇಲಿನ ಅಂಕಿ ಬೀಳಲಿ ಎಂದು ಕಾದರೆ ಕಾಲ ಮಿಂಚಿ ಹೋಗುತ್ತದೆ. ನಾನು ಓದುವಾಗ ನಮಗೆ ಕಲಿಸಿದ್ದು ಮೇಲಿನ ಅಂಕಿಯನ್ನು ನೋಡಲು ಮಾತ್ರ. ಅಂತರ ನೋಡಬೇಕೆಂದು ಕಲಿತದ್ದು ಆಮೇಲೆ, ಆ ಜೆರಾಕ್ಸ್ ಹಾಳೆಯಿಂದ.

ಮದ್ದು ಏನೆಂದರೆ ಉಪ್ಪುನೀರು. ಬಾಯಿಂದ ಕುಡಿದರೆ ಬಾಯಿಂದ, ಆಗದಿದ್ದರೆ ಡ್ರಿಪ್ಪಿನಿಂದ. ಆದರೆ ಉಪ್ಪುನೀರನ್ನು ಯಾರು ಬೇಕಾದರೂ ಏರಿಸಬಹುದು, ನಿಲ್ಲಿಸುವುದು ಎಲ್ಲರಿಗೂ ಬರುವುದಿಲ್ಲ. ಸೋರಿಕೆ ನಡೆಯುವುದು ಒಂದು ದಿನ, ಹೆಚ್ಚೆಂದರೆ ಎರಡು ದಿನ. ಆಮೇಲೆ ನಾಳದ ಗೋಡೆ ತಾನಾಗಿ ಸರಿಹೋಗಿ, ಸೋರಿ ಹೋಗಿದ್ದ ನೀರೆಲ್ಲ ಮತ್ತೆ ರಕ್ತಕ್ಕೆ ಮರಳುತ್ತದೆ. ಆ ಹೊತ್ತಿನಲ್ಲೂ ಡ್ರಿಪ್ ಜೋರಾಗಿ ಓಡುತ್ತಿದ್ದರೆ ಮಗುವಿನ ಶ್ವಾಸಕೋಶದಲ್ಲಿ ನೀರು ತುಂಬಿ ಏದುಸಿರು ಶುರುವಾಗುತ್ತದೆ. ಮೊದಲ ದಿನ ನೀರು ಸಾಲದೆ ಸಾಯಬಹುದಾಗಿದ್ದ ಮಗು ಮೂರನೇ ದಿನ ನೀರು ಹೆಚ್ಚಾಗಿ ಸಾಯಬಹುದು. ಹಾಗಾಗಿ ಬ್ಯಾಂಕಾಕಿನ ಪಟ್ಟಿಯಲ್ಲಿ ಏರಿಸುವ ಲೆಕ್ಕಕ್ಕಿಂತ ಇಳಿಸುವ ಲೆಕ್ಕವೇ ಉದ್ದ.

ಈಗ ರಕ್ತದೋಷದ ಮಾತು. ಥಾಯ್ ಮಕ್ಕಳಲ್ಲಿ ಥಲಸ್ಸೀಮಿಯಾ ಇರುವವರಿದ್ದಾರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿದ್ದಾರೆ. ಥಲಸ್ಸೀಮಿಯಾ ಮಗುವಿನ ಹೆಮಟೋಕ್ರಿಟ್ ಮಾಮೂಲಿಯಾಗಿಯೇ 25 ಇರಬಹುದು. ಡೆಂಗಿಯಲ್ಲಿ ಪ್ಲಾಸ್ಮಾ ಸೋರಿ ಅದು 31 ಆದರೆ ಹೊಸ ಡಾಕ್ಟರು 'ಪರವಾಗಿಲ್ಲ, ರಕ್ತ ಚೆನ್ನಾಗಿದೆ' ಎನ್ನುತ್ತಾರೆ. ಮಗು ಆಘಾತಕ್ಕೆ ಜಾರುತ್ತಿರುತ್ತದೆ. ಜಿ6ಪಿಡಿ ಕೊರತೆಯ ಮಗುವಿನಲ್ಲಿ ಕೆಂಪು ಕಣಗಳೇ ಒಡೆದು ಮೂತ್ರ ಕಪ್ಪಾಗಬಹುದು. ಆಗ ಹೆಮಟೋಕ್ರಿಟ್ ಏರುವ ಬದಲು ಇಳಿಯುತ್ತದೆ. ಅಲ್ಲಿ ಬೇಕಾದದ್ದು ಉಪ್ಪುನೀರಲ್ಲ, ರಕ್ತ. ಆಘಾತದಲ್ಲಿದ್ದೂ ಹೆಮಟೋಕ್ರಿಟ್ ಇಳಿದರೆ ಒಳಗೆಲ್ಲೋ ರಕ್ತಸ್ರಾವವಿದೆ ಅಥವಾ ಕಣ ಒಡೆಯುತ್ತಿದೆ ಎಂದು ತಿಳಿಯಬೇಕು. ಹೀಗೆ ಒಂದೇ ಅಂಕಿ ಏರಿದರೆ ಒಂದು ಕಥೆ, ಇಳಿದರೆ ಇನ್ನೊಂದು ಕಥೆ, ಸುಮ್ಮನಿದ್ದರೆ ಮತ್ತೊಂದು. ನಮ್ಮ ಕಡೆ ಥಲಸ್ಸೀಮಿಯಾ ಅಷ್ಟಿಲ್ಲದಿರಬಹುದು, ಕಬ್ಬಿಣಾಂಶದ ಕೊರತೆಯ ಬಿಳಿಚಿದ ಮಕ್ಕಳು ಬೇಕಾದಷ್ಟಿದ್ದಾರೆ. ಅವರ ಮಾಮೂಲಿ ಅಂಕಿ ಏನೆಂದು ಯಾರಿಗೆ ಗೊತ್ತು? ಆದ್ದರಿಂದ ಜ್ವರದ ಮೊದಲ ದಿನಗಳಲ್ಲೇ ಒಂದು ಪಿಸಿವಿ ಬರೆದಿಟ್ಟುಕೊಳ್ಳಿ ಎಂದು ನಾನು ಕಿರಿಯರಿಗೆ ಹೇಳುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. ಬರೆದಿಟ್ಟವರು ಕೆಲವರು.

ಹಾಲ್‌ಸ್ಟೆಡ್‌ಗೆ ಇನ್ನೊಂದು ಒಗಟು ಕಾಡಿತು. ಆಘಾತಕ್ಕೆ ಹೋಗುವ ಮಕ್ಕಳಲ್ಲಿ ಬಹುಪಾಲು ಎರಡನೇ ಸಲ ಡೆಂಗಿ ತಗುಲಿದವರು. ಮೊದಲು ಒಂದು ಬಗೆ ಬಂದು ಹೋಗಿರುತ್ತದೆ, ಈಗ ಬೇರೊಂದು ಬಗೆ. ಆದರೆ ಒಂದು ವರ್ಷ ತುಂಬದ ಕೂಸುಗಳು ಮೊದಲ ಸಲದಲ್ಲೇ ಆಘಾತಕ್ಕೆ ಹೋಗುತ್ತಿದ್ದವು. ಕೂಸಿಗೆ ಹಿಂದೆಂದೂ ಡೆಂಗಿ ಬಂದಿಲ್ಲ, ತಾಯಿಗೆ ಬಂದಿದೆ. ತಾಯಿಯಿಂದ ಬಂದ ಪ್ರತಿಕಾಯ ಮೊದಲ ಕೆಲವು ತಿಂಗಳು ಕೂಸನ್ನು ಕಾಯುತ್ತದೆ. ತೆಳುವಾಗುತ್ತ ಬಂದು, ಕಾಯುವಷ್ಟು ಬಲವಿಲ್ಲದೆ ಉಳಿದಾಗ ಅದೇ ಪ್ರತಿಕಾಯ ವೈರಸ್ಸನ್ನು ಜೀವಕೋಶದೊಳಗೆ ಸಲೀಸಾಗಿ ಒಯ್ದುಬಿಡುತ್ತದೆ ಎಂಬುದು ಅವರ ವಾದ. 1988ರಲ್ಲಿ ಕ್ಲಿಕ್ಸ್, ಸುಚಿತ್ರಾ ಮತ್ತು ಸಂಗಡಿಗರು ತಾಯಂದಿರ ರಕ್ತದ ಪ್ರತಿಕಾಯದ ಮಟ್ಟವನ್ನೂ ಅವರ ಕೂಸುಗಳಿಗೆ ರೋಗ ಬಂದ ವಯಸ್ಸನ್ನೂ ತಾಳೆ ನೋಡಿ ಈ ವಾದಕ್ಕೆ ಪುಷ್ಟಿ ಕೊಟ್ಟರು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಬರ್ಕ್ ಮತ್ತು ಆನಂದ ನಿಸಾಲಕ್ ತಂಡ ಬ್ಯಾಂಕಾಕಿನ 1,757 ಮಕ್ಕಳನ್ನು ಗಮನಿಸಿತ್ತು. ಡೆಂಗಿ ತಗುಲಿದವರಲ್ಲಿ ನೂರಕ್ಕೆ 87 ಮಂದಿಗೆ ಲಕ್ಷಣವೇ ಇರಲಿಲ್ಲ, ಇದ್ದರೂ ಒಂದು ದಿನ ಶಾಲೆ ತಪ್ಪುವಷ್ಟು. ಆಸ್ಪತ್ರೆ ಮುಟ್ಟುವಷ್ಟು ಜೋರಾದದ್ದು ಎರಡನೇ ಸಲ ತಗುಲಿದವರಲ್ಲಿ. ಹಳೆಯ ಪ್ರತಿಕಾಯವೇ ಮುಳುವಾಗಬಹುದೆಂಬ ಈ ಎಚ್ಚರಿಕೆ ಎಷ್ಟು ದೂರ ಮುಟ್ಟುತ್ತದೆಂದು 2017ರಲ್ಲಿ ಜಗತ್ತಿಗೆ ತಿಳಿಯಿತು. ಫಿಲಿಪ್ಪೀನ್ಸಿನಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗಿ ಲಸಿಕೆ ಹಾಕಿಯಾದ ಮೇಲೆ, ಹಿಂದೆ ಡೆಂಗಿ ಬಾರದ ಮಕ್ಕಳಿಗೆ ಆ ಲಸಿಕೆಯಿಂದಲೇ ಮುಂದಿನ ಸೋಂಕು ಜೋರಾಗಬಹುದೆಂದು ತಯಾರಕರು ಹೇಳಬೇಕಾಯಿತು.

ಸುಚಿತ್ರಾ ಅವರ ಕೆಲಸ ಇದಕ್ಕಿಂತ ಸದ್ದಿಲ್ಲದ್ದು. ರೋಗವನ್ನು ಗುರುತಿಸುವ ಲಕ್ಷಣಗಳನ್ನು ಒಪ್ಪವಾಗಿ ಕಟ್ಟಿ, ತೀವ್ರತೆಯನ್ನು ನಾಲ್ಕು ಮೆಟ್ಟಿಲಾಗಿ ವಿಂಗಡಿಸಿ, ಯಾವ ಮೆಟ್ಟಿಲಿಗೆ ಏನು ಮಾಡಬೇಕೆಂದು ಬರೆದರು. 1975ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಕೈಪಿಡಿ ನಿಂತದ್ದು ಈ ತಳಹದಿಯ ಮೇಲೆ. 1986 ಮತ್ತು 1997ರ ಪರಿಷ್ಕರಣೆಗಳೂ ಅಷ್ಟೇ. ನಮ್ಮ ಗೋಡೆಯ ಹಾಳೆ ಅದರದೇ ಮೊಮ್ಮಗು. ಕೆಲಸ ನಡೆದಂತೆ ಸಾವು ಇಳಿಯಿತು. 1987ರಲ್ಲಿ ಥಾಯ್ಲೆಂಡಿನಲ್ಲಿ 1,74,285 ಮಂದಿಗೆ ರೋಗ ಬಂತು, ಅಲ್ಲಿಯವರೆಗಿನ ಎಲ್ಲಕ್ಕಿಂತ ದೊಡ್ಡ ಹಾವಳಿ, ಸತ್ತವರು ಸಾವಿರದಷ್ಟು. ಮೂವತ್ತು ವರ್ಷ ಹಿಂದೆ ನೂರಕ್ಕೆ ಹತ್ತು ದಾಟಿದ್ದ ಸಾವು ಒಂದಕ್ಕಿಂತ ಕೆಳಗಿಳಿದಿತ್ತು. ವೈರಸ್ಸನ್ನು ಕೊಲ್ಲುವ ಔಷಧ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಮ್ಮಲ್ಲಿ ಮಾತ್ರ ಲೆಕ್ಕ ಬೇರೆಯೇ ಇತ್ತು: 1996ರಲ್ಲಿ ದೆಹಲಿಯಲ್ಲಿ ಹತ್ತು ಸಾವಿರದಷ್ಟು ಮಂದಿಗೆ ಡೆಂಗಿ ಬಂದಾಗ 423 ಮಂದಿ ಸತ್ತರು.

ಅಡ್ಡದಾರಿಗಳೂ ಇದ್ದವು. ನಾಳದ ಗೋಡೆ ಸಡಿಲಾಗುತ್ತದೆಂದರೆ ಸ್ಟಿರಾಯ್ಡ್ ಕೊಟ್ಟರೆ ಬಿಗಿಯಾಗಬಹುದಲ್ಲವೇ ಎಂದು ಹಲವರು ಕೊಟ್ಟು ನೋಡಿದರು. 1982ರಲ್ಲಿ ಇಂಡೋನೇಷ್ಯಾದ್ದು, 1993ರಲ್ಲಿ ಥಾಯ್ಲೆಂಡಿನದೇ ಇನ್ನೊಂದು ಪರೀಕ್ಷೆ, ಎರಡರಲ್ಲೂ ಉಪಯೋಗ ಕಾಣಲಿಲ್ಲ. ಯಾವ ದ್ರವ ಮೇಲು ಎಂಬ ಜಗಳವನ್ನು 2005ರಲ್ಲಿ ವಿಯೆಟ್ನಾಂನ ಹೊ ಚಿ ಮಿನ್ ನಗರದ ವೈದ್ಯರು ಮುಕ್ಕಾಲು ಪಾಲು ಬಗೆಹರಿಸಿದರು. ಸಾಧಾರಣ ಆಘಾತದಲ್ಲಿದ್ದ 383 ಮಕ್ಕಳ ಮೇಲೆ ನೋಡಿದರೆ, ಅಗ್ಗದ ಉಪ್ಪುನೀರಾದ ರಿಂಗರ್ ಲ್ಯಾಕ್ಟೇಟೇ ಸಾಕೆಂದಾಯಿತು. ಸತ್ತದ್ದು ಒಂದೇ ಮಗು. ಪ್ಲೇಟ್‌ಲೆಟ್ ಏರಿಸಿದರೆ ರಕ್ತಸ್ರಾವ ತಪ್ಪುತ್ತದೆಂಬ ನಂಬಿಕೆಯನ್ನೂ 2017ರಲ್ಲಿ ಸಿಂಗಪುರ, ಮಲೇಷ್ಯಾಗಳಲ್ಲಿ ದೊಡ್ಡವರ ಮೇಲೆ ನಡೆದ ಪರೀಕ್ಷೆ ಎತ್ತಿಹಿಡಿಯಲಿಲ್ಲ.

ಸುಚಿತ್ರಾ ಅವರ ನಂತರ ಡಾ. ಸಿರಿಪೆನ್ ಕಲಾಯನರೂಜ್ ಈ ಪಾಠವನ್ನು ಮುಂದುವರಿಸಿದರು. ಬೇರೆ ದೇಶಗಳ ಡಾಕ್ಟರು, ನರ್ಸುಗಳು ಅಲ್ಲಿಗೆ ಹೋಗಿ ವಾರ್ಡಿನಲ್ಲಿ ನಿಂತು ಕಲಿತರು. ನನಗೆ ಹೆಚ್ಚು ಮನದಟ್ಟಾದದ್ದು ಶ್ರೀಲಂಕಾದ ಉದಾಹರಣೆ. 2009ರಲ್ಲಿ ಅಲ್ಲಿ 35 ಸಾವಿರ ಮಂದಿಗೆ ಡೆಂಗಿ ಬಂದು 346 ಮಂದಿ ಸತ್ತಿದ್ದರು. ಆಮೇಲೆ ಬ್ಯಾಂಕಾಕಿನ ಕ್ರಮವನ್ನು ಅಲ್ಲಿನವರು ತಮ್ಮದಾಗಿಸಿಕೊಂಡರು. 2017ರಲ್ಲಿ 1.86 ಲಕ್ಷ ಮಂದಿಗೆ ಬಂದಾಗ ಸತ್ತವರು 440.

2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ವಿಂಗಡಣೆ ಬದಲಿಸಿ, ಎಚ್ಚರಿಕೆಯ ಲಕ್ಷಣ ಇರುವ ಡೆಂಗಿ, ಇಲ್ಲದ ಡೆಂಗಿ, ತೀವ್ರ ಡೆಂಗಿ ಎಂದು ಹೊಸದು ತಂದಿತು. ಬ್ಯಾಂಕಾಕಿನವರು ಒಪ್ಪಲಿಲ್ಲ. ಹೊಟ್ಟೆನೋವು, ವಾಂತಿಗಳನ್ನೇ ಎಚ್ಚರಿಕೆ ಎಂದರೆ ಅರ್ಧ ಊರೇ ಆಸ್ಪತ್ರೆ ಸೇರುತ್ತದೆ, ಸೋರಿಕೆಯನ್ನೇ ಹುಡುಕಬೇಕು ಎಂಬುದು ಅವರ ತಕರಾರು. 2011ರ ಆಗ್ನೇಯ ಏಷ್ಯಾ ಕೈಪಿಡಿ ಹಳೆಯ ವಿಂಗಡಣೆಯನ್ನೇ ಉಳಿಸಿಕೊಂಡಿತು. ನನ್ನ ಅನುಭವದಲ್ಲಿ ಹೊಸ ವಿಂಗಡಣೆ ಕಲಿಸಲು ಸುಲಭ, ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಗ್ಗುತ್ತದೆ. ಆದರೆ ರಾತ್ರಿ ಪಾಳಿಯಲ್ಲಿ ಒಂದು ಮಗುವಿನ ಪಕ್ಕ ಕೂತಾಗ ಕೈಹಿಡಿಯುವುದು ಹಳೆಯದೇ. ಈಗ ಥಾಯ್ಲೆಂಡಿನಲ್ಲಿ ಹುಟ್ಟುವ ಮಕ್ಕಳು ಕಡಿಮೆಯಾಗಿ, ಡೆಂಗಿ ದೊಡ್ಡವರ ಕಡೆಗೆ ಹೊರಳಿದೆ. ಮಕ್ಕಳ ಡಾಕ್ಟರು ದೊಡ್ಡವರ ಡಾಕ್ಟರಿಗೆ ಪಾಠ ಹೇಳುವ ಕಾಲ ಬಂದಿದೆ. ನಮ್ಮ ವೃತ್ತಿಯಲ್ಲಿ ಇದು ಅಪರೂಪ, ಸ್ವಲ್ಪ ಖುಷಿಯೂ ಹೌದು.

ನಮ್ಮ ರಾಜ್ಯ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಆ ವರ್ಷ ಹಳೆಯ ವಾರ್ಡನ್ನು ನೋಡಿಬರೋಣವೆಂದು ಹೋಗಿದ್ದೆ. ಕಾರಿಡಾರಿನಲ್ಲಿ ಹೆಜ್ಜೆಯಿಡಲು ಜಾಗವಿರಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಪ್ಲೇಟ್‌ಲೆಟ್ ಕೌಂಟ್ ಎಷ್ಟು. ಹಾಸಿಗೆಯ ಪಕ್ಕದ ಡಬ್ಬಿಯಲ್ಲಿ ಪರಂಗಿ ಎಲೆಯ ರಸ, ಕಿವಿ ಹಣ್ಣು. ಒಬ್ಬ ಅಜ್ಜಿ ಸಿಸ್ಟರ್ ಕೈ ಹಿಡಿದು ಕೇಳುತ್ತಿದ್ದರು, 'ಕೌಂಟು ಎಪ್ಪತ್ತು ಸಾವ್ರಕ್ಕೆ ಇಳಿದದಂತೆ ಕಣವ್ವ, ಏನಾಯ್ತದೆ?' ಐದನೇ ದಿನ, ಮಗುವಿಗೆ ಜ್ವರ ಬಿಟ್ಟು ಮೈ ತಣ್ಣಗಿತ್ತು. ಸಿಸ್ಟರ್ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿರಲಿಕ್ಕಿಲ್ಲ, ಮಗುವಿನ ಪಾದ ಮುಟ್ಟಿ ನೋಡುತ್ತ ಅಂದಳು, 'ಕೌಂಟು ಇರ್ಲಿ ಬಿಡಿ ಅಜ್ಜಿ. ಮಗು ಒಂದಕ್ಕೆ ಹೋಗಿದ್ದು ಯಾವಾಗ?'

'ಬೆಳಿಗ್ಗೆ ಆರಕ್ಕೆ ಹೋಗಿದ್ದು. ಆಮೇಲೆ ಇಲ್ಲ.'

ಆಗ ಮಧ್ಯಾಹ್ನ ಎರಡೂವರೆ. ಸಿಸ್ಟರ್ ಆಗಲೇ ಗಾಜಿನ ಕೊಳವೆಯ ಡಬ್ಬಿ ತರಲು ಹೊರಟಿದ್ದಳು.